ಸೋರಿಕೆ ಕೇಳುವವಳು

ಕುತಾಯಿಸಿಯಲ್ಲಿ ರಾತ್ರಿ ಎರಡಕ್ಕೆ,
ಕೊನೆಯ ಟ್ಯಾಕ್ಸಿಯೂ ಮಲಗಿದ ಮೇಲೆ,
ಎತೇರಿಯ ಕೆಲಸ ಶುರು.

ಎದೆಯೆತ್ತರದ ಕಬ್ಬಿಣದ ಸರಳು,
ತುದಿಗೆ ಮರದ ಪುಟ್ಟ ಬಟ್ಟಲು.
ಸರಳನ್ನು ರಸ್ತೆಗೆ ಊರಿ, ಬಟ್ಟಲಿಗೆ ಕಿವಿ ಆನಿಸಿ
ಕಣ್ಣು ಮುಚ್ಚುತ್ತಾಳೆ.
ಕೆಳಗೆ, ಆಳುದ್ದ ಮಣ್ಣಿನಡಿ,
ಎಲ್ಲೋ ಒಂದು ಕೊಳವೆ ಸೋರುತ್ತಿದೆ.

ನಾನು ಟಾರ್ಚು ಹಿಡಿಯುವವನು,
ಸೀಮೆಸುಣ್ಣದ ಡಬ್ಬಿ ಹೊರುವವನು,
ಹುಟ್ಟಾ ಬಾಯಿಬಡುಕ.
ಮೊದಲ ವಾರವೇ ಅವಳಿಗೆ
ನನ್ನ ಮದುವೆ, ಮಾವನ ಹಲ್ಲುನೋವು, ಟೈರಿನ ದರ
ಎಲ್ಲ ಒಪ್ಪಿಸಿಬಿಟ್ಟೆ.
ಅವಳು ಬೈಯಲಿಲ್ಲ.
ಸರಳನ್ನು ಎತ್ತಿ ಹಿಡಿದು ನಿಂತಳು
ಲಾರಿ ದಾಟಿಹೋಗಲಿ ಎಂದು ಕಾಯುವ ಹಾಗೆ.

ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರಲ್ಲ,
ಎತೇರಿ ಕೊಡವಲ್ಲ.
ನಡುರಾತ್ರಿಯ ಓಣಿ ಅವಳು.
ಅಲ್ಲಿ ಬೆಕ್ಕು ನಡೆದರೂ ಗೊತ್ತಾಗುತ್ತದೆ.

ಹಳೆ ಕಬ್ಬಿಣ ಸೋರಿದರೆ
ಕಾದ ಹೆಂಚಿಗೆ ನೀರು ಚಿಮುಕಿಸಿದ ಸದ್ದು.
ಪ್ಲಾಸ್ಟಿಕ್ಕಾದರೆ
ಮಗು ನಿದ್ದೆಯಲ್ಲಿ ತುಟಿ ಚಪ್ಪರಿಸಿದಂತೆ.
ಚರಂಡಿ, ಟ್ರಾನ್ಸ್‌ಫಾರ್ಮರು, ಯಾರದೋ ಮನೆಯ ಫ್ರಿಜ್ಜು,
ದೂರದ ರಿಯೋನಿ ನದಿ ಬಿಳಿಗಲ್ಲುಗಳ ಮೇಲೆ:
ಕಾಳಿನಿಂದ ಕಲ್ಲು ಹೆಕ್ಕುವಂತೆ
ಒಂದೊಂದನ್ನೇ ಬದಿಗಿಟ್ಟು, ಕೊನೆಗೆ
ಬೆರಳಲ್ಲಿ ತೋರಿಸುತ್ತಾಳೆ: ಇಲ್ಲಿ.
ನಾನು ವೃತ್ತ ಬರೆಯುತ್ತೇನೆ.

ಹೊಸ ವರ್ಷಕ್ಕೆ ಡಿಪೋದಲ್ಲಿ ಔತಣ.
ನಮ್ಮಲ್ಲಿ ಊಟವೆಂದರೆ ಮಾತು;
ರೊಟ್ಟಿ, ಚೀಸು ಬರೀ ನೆಪ.
ಮೇಜಿನ ತುದಿಗೆ ಫೋರ್‌ಮನ್ ಬೊಂದೊ,
ಕೊಂಬಿನ ತುಂಬ ವೈನು, ಬಾಯಿ ತುಂಬ ಹಾರೈಕೆ.
ಶಾಂತಿಗೆ. ತಾಯಂದಿರಿಗೆ. ತೀರಿಕೊಂಡವರಿಗೆ.
ಮಕ್ಕಳಿಗೆ ಎನ್ನುವಾಗ ಅವನ ಹಾರೈಕೆ
ಎಂದಿಗಿಂತ ಉದ್ದವಾಯಿತು, ಎಂದಿಗಿಂತ ಚೆಂದವಾಯಿತು,
ನಾವು ಮೇಜು ಕುಟ್ಟಿದೆವು.
ಎತೇರಿಯ ಸರದಿ ಬಂತು.
ಎದ್ದಳು, ಕಿವಿಯವರೆಗೂ ಕೆಂಪಾದಳು,
"ನೀರಿಗೆ" ಎಂದಳು, ಕೂತುಬಿಟ್ಟಳು.
ವೈನು ಹಿಡಿದು ನೀರಿಗೆ ಹಾರೈಸಿದವಳು!
ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಆಮೇಲೆ, ತಟ್ಟೆ ತೊಳೆಯುವಲ್ಲಿ,
ನಾನು ಬಾಗಿಲ ಹೊರಗೆ ಸಿಗರೇಟು ಹುಡುಕುತ್ತಿದ್ದಾಗ,
ಒಳಗೆ ಅವಳ ದನಿ:
"ಬೊಂದೊ, ಮಗಳು ಮಾತು ಬಿಟ್ಟು ಎಷ್ಟು ದಿನವಾಯಿತು?"

ನಲ್ಲಿ ಹರಿಯುತ್ತಿತ್ತು.
ಯಾರೋ ಅದನ್ನು ನಿಲ್ಲಿಸಿದರು.
ಸಂಜೆಯೆಲ್ಲ ಗುಡುಗಿದ ಗಂಟಲಿನಿಂದ
ಒಂದು ಸದ್ದು ಬಂತು; ಏನೆಂದು ಹೇಳಲಿ,
ಎರಡು ವರ್ಷ ಅವಳ ಜೊತೆ ತಿರುಗಿದ್ದಕ್ಕೆ
ಅಷ್ಟಂತೂ ನನಗೂ ಗುರುತು ಸಿಕ್ಕಿತು.
"ಎಂಟು ತಿಂಗಳು," ಅಂದ.
ಅವಳು ಸಮಾಧಾನ ಹೇಳಲಿಲ್ಲ.
ಅವಳಿಗದು ಬರುವುದೂ ಇಲ್ಲ.
ತಟ್ಟೆ ಒರೆಸುತ್ತ, ಪಕ್ಕದಲ್ಲೇ ನಿಂತಿದ್ದಳು
ಅವನು ಮುಗಿಸುವವರೆಗೆ.

ಒಂದು ರಾತ್ರಿ ಕೇಳಿ ನೋಡಿದೆ, ನಾನೂ.
ಸರಳು ಊರಿದೆ, ಉಸಿರು ಹಿಡಿದೆ.
ಕೇಳಿದ್ದು ನನ್ನದೇ ನೆತ್ತರು, ನನ್ನದೇ ಲೆಕ್ಕಾಚಾರ,
ಇದನ್ನು ನಾಳೆ ಯಾರಿಗೆ ಹೇಗೆ ಹೇಳಲಿ ಎಂಬ ತಯಾರಿ.
ಅವಳು ನಕ್ಕಳು. ಅವಳು ನಗುವುದನ್ನು
ನಾನು ನೋಡಿದ್ದು ಅದೇ ಮೊದಲು.

ಈಗ ನಾನು ಹಗಲು ಪಾಳಿ, ದೂರಿನ ಕಿಟಕಿ.
ಮೂರು ದಿನ ನೀರಿಲ್ಲದ ಅಜ್ಜಿಯರನ್ನು
ಬೈಯುತ್ತ ಬಂದವರನ್ನು
ನಗಿಸಿ ಕಳಿಸುತ್ತೇನೆ; ಅದೂ ಬೇಕು.
ಬೊಂದೊ ಮಗಳಿಗೆ ಕಾಗದ ಬರೆದನಂತೆ,
ಉತ್ತರದ ಸುದ್ದಿ ಗೊತ್ತಿಲ್ಲ.

ಬೆಳಗ್ಗೆ ಕೆಲಸಕ್ಕೆ ಬರುವಾಗ
ಟಾರು ರಸ್ತೆಯಲ್ಲಿ ಒಂದು ಬಿಳಿ ವೃತ್ತ ಕಂಡರೆ
ಸುತ್ತಿಕೊಂಡು ಹೋಗುತ್ತೇನೆ, ತುಳಿಯುವುದಿಲ್ಲ.
ನಿನ್ನೆಯದನ್ನು ಅಗೆದರು.
ಒಂದು ಗೇಣು ತಪ್ಪಿತ್ತು.
ಸೀಮೆಸುಣ್ಣ ಹಿಡಿದವನು ಹೊಸ ಹುಡುಗ;
ಕೈ ಅಲುಗಿರಬೇಕು,
ಇಲ್ಲವೇ ಏನೋ ಮಾತಾಡುತ್ತಿದ್ದಿರಬೇಕು.