ತಣ್ಣೀರುಹಳ್ಳದಿಂದ

ಬೇಸಗೆಗೆ ಜನ ನಮ್ಮ ಕಡೆ ಬರ್ತಾರೆ.
ಬಿ.ಎಂ. ರಸ್ತೆ ತುಂಬ ಅವರದೇ ಕಾರು,
ಹಿಂದಿನ ಗಾಜಿಗೆ ಒತ್ತಿಕೊಂಡ ತಲೆದಿಂಬು.
ನಾವೆಲ್ಲಾದರೂ ಹೋಗಬೇಕೆಂದರೆ ಉಳಿದಿರುವುದು
ಬಿಸಿಲೊಂದೇ
ಅಂದರು ಇವರು, ಕೈಯಲ್ಲಿ ರಜೆಯ ಅರ್ಜಿ.

ಅಂಚೆ ಇಲಾಖೆಯ ಪ್ರಯಾಣ ಭತ್ಯೆ
ಈ ವರ್ಷ ಬಿಟ್ಟರೆ ಬತ್ತಿಹೋಗುತ್ತದೆ.
ಮಕ್ಕಳಿಗೆ ರಜೆ ಇರುವುದು ಈಗಲೇ.
ಜೈಸಲ್ಮೇರಿನ ಹೋಟೆಲಿನವನು ಫೋನಿನಲ್ಲಿ
ಎರಡೆರಡು ಸಲ ಕೇಳಿದನಂತೆ, ಮೇ ತಿಂಗಳೇನಾ?
ಆಮೇಲೆ ನಕ್ಕು, ಅರ್ಧ ರೇಟು ಅಂದ.
ಒಂಟೆಯವರೆಲ್ಲ ಊರಿಗೆ ಹೋಗಿರ್ತಾರೆ,
ಬೇಕೇ ಬೇಕೆಂದರೆ ಒಬ್ಬನನ್ನು ಕರೆಸ್ತೀನಿ ಅಂದ.

ಅರ್ಜಿಯಲ್ಲಿ ಮನೆ ವಿಳಾಸ ತಣ್ಣೀರುಹಳ್ಳ, ಹಾಸನ.
ಹೋಗುವ ಸ್ಥಳ ಓದಿದ ಪೋಸ್ಟ್‌ಮಾಸ್ಟರು
ಕನ್ನಡಕ ತೆಗೆದು ಒರೆಸಿಕೊಂಡರಂತೆ.

ಪಟ್ಟಿ ಮಾತ್ರ ನನ್ನದು.
ಹಾಲಿನ ಲೆಕ್ಕದ ಪುಸ್ತಕದ ಹಿಂದೆ
ಓಆರ್‌ಎಸ್ ಇಪ್ಪತ್ತು, ಬಿಳಿ ಟವೆಲ್ಲು ಐದು,
ಜೇಬಿಗೊಂದೊಂದು ಈರುಳ್ಳಿ.
ಈರುಳ್ಳಿ ಹೇಳಿಕೊಟ್ಟದ್ದು ಕಟ್ಟಿನಕೆರೆಯ
ಪಾತ್ರೆ ಅಂಗಡಿ ಭಂವರ್‌ಲಾಲ್.
ಬಿಸಿಗಾಳಿ ಹೊಡೆಯಲ್ಲ ಅಕ್ಕಾ, ಅಂದು
ಚಿಲ್ಲರೆ ಎಣಿಸುತ್ತ ಸೇರಿಸಿದ,
ಅದು ನಮ್ಮೂರೇ, ಮೇನಲ್ಲಿ ನಾನೇ ಹೋಗಲ್ಲ.

ಅತ್ತೆಯನ್ನು ಚನ್ನರಾಯಪಟ್ಟಣದ ನಾದಿನಿ ಮನೆಯಲ್ಲಿ ಬಿಡುವುದು
ಅಂತ ತೀರ್ಮಾನವಾಗಿತ್ತು, ಅವರಿಲ್ಲದಾಗ.
ಆಲೂರು ಕಡೆ ನಲವತ್ತು ಮಳೆಗಾಲ
ಕಂಡವರ ಗದ್ದೆ ನಾಟಿ ಮಾಡಿದವರು ಸಣ್ಣಮ್ಮ.
ಬೆರಳ ಸಂದಿಗೆಲ್ಲ ಕೆಸರುಹುಣ್ಣು,
ಹೊಂಗೆ ಎಣ್ಣೆ, ಅರಿಸಿನ, ಮಾರನೇ ದಿನ ಮತ್ತದೇ ನೀರು.
ಬೀಡಾ ಮಡಿಸುತ್ತ ಹೇಳಿದರು,
'ನನ್ನ ಕಾಲು ಒಂದ್ಸಲ ಪೂರ್ತಿ ಒಣಗ್ಬೇಕು ಕಣವ್ವ.'
ಅಷ್ಟೇ. ಚನ್ನರಾಯಪಟ್ಟಣದ ಮಾತು
ಮತ್ತೆ ಯಾರೂ ಎತ್ತಲಿಲ್ಲ.

ಅವರ ಇನ್ಸುಲಿನ್ ಸೀಸೆ ಕೆಡಬಾರದಲ್ಲ,
ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ,
ನಡುವೆ ಒದ್ದೆ ಮರಳು.
ಪಕ್ಕದ ಕಟ್ಟಡದ ಮೇಸ್ತ್ರಿ ಎರಡು ಬಾಣಲೆ ಕೊಟ್ಟ,
ಎಂ-ಸ್ಯಾಂಡಲ್ಲಮ್ಮ, ಹೊಳೆಮರಳು ಅಂತ ಹೆಮ್ಮೆಯಿಂದ.
ನಮ್ಮ ಮರುಭೂಮಿ ಹೀಗೆ
ಅಡುಗೆಮನೆಯ ಮೂಲೆಯಲ್ಲಿ ಶುರುವಾಯಿತು.

ಭಾನುವಾರ ಮಧ್ಯಾಹ್ನ ಎರಡಕ್ಕೆ ತಾರಸಿಯ ಮೇಲೆ ಅಭ್ಯಾಸ.
ಮೂವತ್ತೈದು ಡಿಗ್ರಿ, ಅಂದಳು ಮೋನಿಷಾ,
ಅಲ್ಲಿ ನಲವತ್ತಾರು, ಉಳಿದದ್ದನ್ನ ಊಹೆ ಮಾಡ್ಕೋ ಅಜ್ಜಿ.
ತರುಣ ಹಪ್ಪಳದ ಹಾಗೆ ನೆಗೆದ.
ಇಪ್ಪತ್ತು ಎಣಿಸುವಷ್ಟರಲ್ಲಿ ನಾನು
ನೀರಿನ ಟ್ಯಾಂಕಿನ ನೆರಳಿಗೆ ಓಡಿದ್ದೆ.
ಅತ್ತೆ ಮಾತ್ರ ನಡುವೆ ಬರಿಗಾಲಲ್ಲಿ,
ಸೆರಗು ತಲೆಗೆಳೆದು, ಸುಮ್ಮನೆ, ಬಹಳ ಹೊತ್ತು.
ಅಜ್ಜಿ ಪಾಸು! ಚಪ್ಪಾಳೆ ತಟ್ಟಿದೆವು.

ಸಂಜೆ ಕಂಡೆ. ಅಂಗಾಲಿನಲ್ಲಿ
ಹತ್ತು ರೂಪಾಯಿ ನಾಣ್ಯದಷ್ಟು ಬೊಬ್ಬೆ,
ಒಂದಲ್ಲ, ಮೂರು.
ಸುಟ್ಟದ್ದು ಗೊತ್ತಾಗಲಿಲ್ವಾ ಅತ್ತೆ?
'ಇಲ್ವಲ್ಲವ್ವ.
ಬೆಚ್ಚಗೂ ಇರ್ಲಿಲ್ಲ, ತಣ್ಣಗೂ ಇರ್ಲಿಲ್ಲ,
ಗದ್ದೇಲಿ ನಿಂತಂಗೇ ಇತ್ತು.'

ಸಕ್ಕರೆ ಕಾಯಿಲೆ ನರವನ್ನು ತಿಂದಿದೆ ಅಂದರು ಡಾಕ್ಟರು,
ಎಷ್ಟು ವರ್ಷದಿಂದಲೋ.
ಇನ್ನು ಮನೆಯೊಳಗೂ ಚಪ್ಪಲಿ, ಹೊರಗೆ ಬೂಟು, ಕಾಲುಚೀಲ.
ಇವರು ಟಿಕೆಟ್ ರದ್ದು ಮಾಡಿದರೆ
ಎಷ್ಟು ಕಳೆಯುತ್ತಾರೆಂದು ನೋಡಿದರು,
ಮೊಬೈಲನ್ನು ಬೋರಲು ಹಾಕಿ ಮಲಗಿದರು.

ನೀರು ಕುಡಿಯಲು ಎದ್ದವಳು
ಅಡುಗೆಮನೆ ಬಾಗಿಲಲ್ಲೇ ನಿಂತೆ.
ಮಡಕೆಯ ಮುಂದೆ ಅತ್ತೆ ಕುಕ್ಕರುಗಾಲಲ್ಲಿ,
ಎರಡು ದಿನದಿಂದ ನಾನು ನೀರು ಹನಿಸಿರಲಿಲ್ಲ,
ಮೇಲಿನ ಮರಳು ಒಣಗಿತ್ತು.
ಅದರೊಳಗೆ ಮಣಿಕಟ್ಟಿನ ತನಕ ಕೈ.
ತಿರುಗಿ ನೋಡದೆಯೇ ಅಂದರು,
'ಕೈ ಇನ್ನೂ ಚೆನ್ನಾಗೈತೆ ಕಣೇ.'

ಪಟ್ಟಿಗೆ ಒಂದು ಸಾಲು ಸೇರಿಸಿದೆ,
ಮರಳ ಮೇಲೆ ಅತ್ತೆಗೆ ಕೂರಲು ಚಾಪೆ.
ವೆಯ್ಟಿಂಗ್ ಲಿಸ್ಟು ನಲವತ್ತೊಂದಿದ್ದದ್ದು
ಇವತ್ತು ಇಪ್ಪತ್ತೇಳಕ್ಕೆ ಇಳಿದಿದೆ.