ಟಾರ್ಚು

ಹನ್ನೊಂದು ವರ್ಷ ನನ್ನದು ಒಂದೇ ಕೆಲಸ.
ಪಿಕಪ್ಪಿನ ಅಡಿಯಲ್ಲಿ ಇವರು,
ಹೊರಗೆ ಕುಕ್ಕರಗಾಲಲ್ಲಿ ನಾನು, ಕೈಯಲ್ಲಿ ಟಾರ್ಚು.
"ಅಲ್ಲಿಗಲ್ಲ, ಇಲ್ಲಿಗೆ."
ಇಲ್ಲಿ ಅಂದರೆ ಎಲ್ಲಿ, ಹೇಳುವವರಲ್ಲ.
"ಕಣ್ಣಿಗೆ ಬಿಡುವುದೆಂತಕ್ಕೆ ಮಾರಾಯ್ತಿ, ನಟ್ಟಿಗೆ ಬಿಡು."
ನುಸಿ ಕಚ್ಚಿದರೂ ಬೆಳಕು ಅಲುಗಬಾರದು.
ಧಾರೆ ಎರೆಯುವಾಗಲೂ ಇಷ್ಟು ಹೊತ್ತು
ಕೈ ಚಾಚಿ ಕೂತವಳಲ್ಲ ನಾನು.

ಈ ಸಲ ಇವರ ಬಲಭುಜ ಹಿಡಿದುಕೊಂಡಿದೆ,
ಲೋಟ ಎತ್ತಿದರೆ ಚಾ ಅಂಗಿಗೆ.
ಜೂನ್ ತಿಂಗಳು. ಮಲ್ಪೆ ಬಂದರಿನಲ್ಲಿ ಬೋಟುಗಳು
ಒಂದಕ್ಕೊಂದು ಒರಗಿ ನಿದ್ದೆ ಹೊಡೆಯುತ್ತಿವೆ.
ಮೀನಿಲ್ಲ, ಐಸಿಲ್ಲ, ಬಾಡಿಗೆಯಿಲ್ಲ.
ಕಲ್ಮಾಡಿಯ ಸಿಪ್ರಿಯನ್ ಬಗ್ಗಿ ನೋಡಿ
ಹದಿನೆಂಟು ಸಾವಿರ ಎಂದ,
ಹೇಳುವಾಗ ಆಕಾಶ ನೋಡುತ್ತಿದ್ದ.
ಗುಜರಿಗೆ ಹಾಕಿದರೂ ಸುಮಾರು ಅಷ್ಟೇ, ಎಂದೂ ಸೇರಿಸಿದ.

ಪಡುಕೆರೆಯ ಗಾಳಿ ಕಬ್ಬಿಣವನ್ನು
ನಾವು ಹಪ್ಪಳ ತಿಂದ ಹಾಗೆ ತಿನ್ನುತ್ತದೆ.
ಮೇಲಿಂದ ಮೀನಿನ ಪೆಟ್ಟಿಗೆಯ ಉಪ್ಪುನೀರು.
ಎರಡು ಕಡೆಯಿಂದ ತಿನ್ನುವವರು ಇರುವಾಗ
ಇಷ್ಟು ದಿನ ಉಳಿದದ್ದೇ ಹೆಚ್ಚು.

ಸೀರೆ ಬಿಚ್ಚಿಟ್ಟೆ. ಇವರ ಹಳೆ ಪ್ಯಾಂಟು,
ಸೊಂಟಕ್ಕೆ ಬಲೆಯ ಹಗ್ಗ.
ಮುರಕಲ್ಲಿನ ಮೇಲೆ ತೆಂಗಿನ ತುಂಡು, ತುಂಡಿನ ಮೇಲೆ ಆಕ್ಸಲ್.
ಗೋಣಿ ಹಾಸಿ ಬೆನ್ನಲ್ಲೇ ಜಾರಿದೆ ಒಳಗೆ.

ಹೊರಗೆ ಇವರ ಪಾದ ಮಾತ್ರ ಕಾಣುತ್ತದೆ,
ಹೆಬ್ಬೆರಳು ಮಡಚುತ್ತದೆ, ಬಿಚ್ಚುತ್ತದೆ.
ಇಷ್ಟು ವರ್ಷ ಇವರಿಗೂ
ನಾನು ಬರೀ ಪಾದವಾಗಿದ್ದೆನೋ ಏನೋ.

ಅಡಿಯಲ್ಲಿ ಬೇರೆಯೇ ಒಂದು ಸಂಸಾರ ಉಂಟು.
ವಯರಿನ ಗೊಂಚಲಿಗೆ ನನ್ನ ಲಂಗದ ಲಾಡಿ,
ಬಲೆ ಹೆಣೆಯುವ ಗಂಟಿನಲ್ಲಿ.
ರೇಡಿಯೇಟರಿನ ಕೆಳಗೆ, ರಬ್ಬರು ಇರಬೇಕಾದಲ್ಲಿ,
ನೀಲಿ ಹವಾಯಿ ಚಪ್ಪಲಿಯ ಒಂದು ಚಕ್ಕೆ.
ಎಡಗಾಲಿನದು. ನನ್ನದು.
ಅದರ ಸಲುವಾಗಿ ಜಲಜಕ್ಕನ ನಾಯಿಗೆ ಕಲ್ಲು ಹೊಡೆದಿದ್ದೆ,
ಜಲಜಕ್ಕ ಎರಡು ಮಳೆಗಾಲ ಮಾತು ಬಿಟ್ಟಿದ್ದಳು.
ನಾಯಿ ಸತ್ತೇ ನಾಲ್ಕು ವರ್ಷ ಆಯಿತು.

ಚಾಸಿಯ ಮೇಲೆ ಆಣಿಯಲ್ಲಿ ಗೀರಿದ ಅಕ್ಷರ:
೧೪ ಅಲ್ಲ, ೧೫.
ಇಲ್ಲಿ ಕೈ ಸುಡುತ್ತದೆ.
ಬುಷ್ ಹಾಕಿದ್ದು, ಸೊಸೈಟಿ ಸಾಲ ತೀರಿದ ವಾರ.
ಮಲಗಿ ಬರೆದ ಸಾಲು, ಓರೆ.
ಅಂಗಡಿ ಚೀಟಿಯನ್ನೂ ನನ್ನಿಂದಲೇ ಬರೆಸುವ ಮನುಷ್ಯ!

ಎರಡು ರಾತ್ರಿ ಡೀಸೆಲ್ ಕುಡಿಸಿದ್ದರೂ
ಎಡಗಡೆಯ ಬುಷ್ ಜಪ್ಪಯ್ಯ ಅನ್ನಲಿಲ್ಲ.
ಸ್ಪಾನರಿಗೆ ಪೈಪು ಸಿಕ್ಕಿಸಿ ಒದ್ದೆ.
ಮೊಣಕೈಯ ಚರ್ಮ ಹೋಯಿತು.
"ಬೆಳಕು ಎಲ್ಲಿಗೆ ಬಿಡುವುದು? ನನ್ನ ಕಣ್ಣಿಗಾ?"
ಹೊರಗೆ ಸದ್ದಿಲ್ಲ.
ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ:
"ಅಲ್ಲಿ ಎಂತಾದರೂ ಬರೆದದ್ದು ಉಂಟಾ ನೋಡು."

ತುಕ್ಕು ಒರೆಸಿದೆ. ಉಂಟು.
ಇವರ ಅಕ್ಷರವಲ್ಲ, ಗುಂಡಗೆ, ಚಂದ.
ಗಾಡಿ ಮಾರಿದ ಉಚ್ಚಿಲದ ಮಯ್ಯದ್ದಿ ಬ್ಯಾರಿಯದ್ದೋ,
ಅವರಿಗೂ ಮೊದಲಿನವರದ್ದೋ,
ಒಂದೇ ಮಾತು:
ಉಲ್ಟಾ.

"ಮರೆತೇ ಹೋಗಿತ್ತು" ಅಂತ ಪಾದ ಹೇಳಿತು.

ಬಿಗಿ ಮಾಡುವ ಕಡೆಗೇ ತಿರುಗಿಸಿದೆ.
ಟಕ್. ಸಡಿಲ.
ಕೆಂಪು ಹುಡಿ ಕಣ್ಣಿಗೆ, ಬಾಯಿಗೆ.
ತುಕ್ಕಿಗೂ ರಕ್ತದ್ದೇ ರುಚಿ.

ಹೊಸ ಬುಷ್ ಕೂತ ಮೇಲೆ ಕೂಡಲೇ ಹೊರಗೆ ಬರಲಿಲ್ಲ.
ಆಣಿ ಕೇಳಿದೆ. ಕೊಟ್ಟರು.
"ಎಂತ ಕೆರೆಯುವುದು ಅಲ್ಲಿ?"
"ಎಂತ ಇಲ್ಲ. ಟಾರ್ಚು ಸರಿ ಹಿಡಿಯಿರಿ."

ಆಗಸ್ಟಿನ ಮೊದಲ ಲೋಡು,
ಮೂವತ್ತು ಪೆಟ್ಟಿಗೆ ಬೂತಾಯಿ ಕಾರ್ಕಳಕ್ಕೆ.
ಬೈಲೂರಿನ ಏರಿನಲ್ಲಿ ಎಡಗಡೆಯ ಕಿರ್ರ್ ಇಲ್ಲ.
ಬಲಗಡೆ ಹೊಸತೊಂದು ಶುರುವಾಗಿದೆ.
ಇವರು ನನ್ನ ಮುಖ ನೋಡಿದರು,
ನಾನು ರಸ್ತೆ ನೋಡಿದೆ.

ಚಪ್ಪಲಿಯ ವಿಷಯ ಇನ್ನೂ ಎತ್ತಿಲ್ಲ.