ಖಜಾಂಚಿಯ ಪುಸ್ತಕ

ಬೀರುವಿನ ಕೆಳಗಿನ ಖಾನೆಯಲ್ಲಿ ಐದು ಪುಸ್ತಕ.
ರಟ್ಟಿಗೆ ಇನ್ನೂ ಸೀಮೆಎಣ್ಣೆಯ ವಾಸನೆ.
ನಮ್ಮ ಪರ್ವತಾರೋಹಣ ಸಂಘದ ನೂರಾ ಮೂರು ವರ್ಷವನ್ನು
ಒಂದೇ ಸಂಜೆ ಓದಿ ಮುಗಿಸಬಹುದು,
ಕೂಡುವ ಕಳೆಯುವ ಲೆಕ್ಕ ಬಂದರೆ ಸಾಕು.

ಸಾವಾ ನದಿಯ ದಂಡೆಯ ಉಕ್ಕಿನ ಕಾರ್ಖಾನೆಯಲ್ಲಿ
ರಾತ್ರಿ ಪಾಳಿ ಮುಗಿಸಿ, ಮಸಿ ಮೋರೆಯಲ್ಲೇ
ಬೆಟ್ಟಕ್ಕೆ ಹೊರಟವರು ಕಟ್ಟಿದ ಸಂಘ.
ಮೊದಲ ಪುಟ: ಸೆಣಬಿನ ಹಗ್ಗ ಒಂದು, ನಲವತ್ತು ಮೀಟರು.
ಬೂಟಿನ ಮೊಳೆ, ಇನ್ನೂರು.
ತಡವಾಗಿ ಬಂದ ಆಂದ್ರೆಯ್‌ಗೆ ದಂಡ, ಅರ್ಧ ದಿನಾರ್.
ಕೈಬರಹ ಸಿರಿಲ್ ರಾವ್ಹೇಕರನದು,
ಹಿಂದಿನ ಪುಟದಲ್ಲೂ ಮೂಡುವಷ್ಟು ಒತ್ತಿ ಬರೆದದ್ದು.

ಎಂಟನೆಯ ವರ್ಷ, ವಸಂತ:
‘ಹೊಸ ಹಗ್ಗ: ಮುಂದಿನ ವರ್ಷ.’
ಅದರ ಕೆಳಗೆ,
‘ವಾರ್ಷಿಕ ಕುಣಿತ, ಬ್ಯಾಂಡಿನವರಿಗೆ ನಾನೂರು.’

ಆಗಸ್ಟಿನಲ್ಲಿ ಒಂದೇ ಸಾಲು.
‘ಮೇಣದ ಬತ್ತಿ, ಒಂದು.’
ಯಾರಿಗೆಂದು ಬರೆದಿಲ್ಲ.
ಚಂದಾ ಪಟ್ಟಿ ತಿರುವಿದರೆ
ಲೊವ್ರೆಂಟ್ಸ್ ಪೊಟೋಚಾರ್, ಇಪ್ಪತ್ತಮೂರು ವರ್ಷ,
ಜುಲೈಗೆ ನಿಲ್ಲುತ್ತಾನೆ.

ಅಲ್ಲಿಂದೀಚೆಗೆ ಪ್ರತಿ ವರ್ಷ ಹಗ್ಗ ಮೊದಲ ಸಾಲು.
ಉಳಿದರೆ ಬ್ಯಾಂಡು.
ಪ್ರತಿ ಆಗಸ್ಟ್, ಒಂದು ಬತ್ತಿ.
ದಿನಾರ್, ಗಡಿ ದಾಟಿ ಬಂದವರ ಮಾರ್ಕು,
ಮತ್ತೆ ದಿನಾರ್, ಈ ಸಲ ರಾಜನ ಮುಖವಿಲ್ಲದ್ದು,
ಸೊನ್ನೆಗಳಿಗೆ ಬಾಲ ಬೆಳೆದು
ಬತ್ತಿಯೊಂದಕ್ಕೆ ಸಾವಿರಗಟ್ಟಲೆ ಕೊಟ್ಟ ವರ್ಷ,
ತೋಲಾರ್, ಯೂರೋ.
ಯುದ್ಧದಲ್ಲಿ ಸಂಘವನ್ನೇ ಮುಚ್ಚಿಸಿದರು.
ಪುಸ್ತಕ ಟೋಂಚ್ಕಾಳ ಹಿಟ್ಟಿನ ಡಬ್ಬದಲ್ಲಿತ್ತು.
ಆ ನಾಲ್ಕು ಸಾಲು ಪೆನ್ಸಿಲಿನಲ್ಲಿವೆ:
‘ಮೇಣ ಸಿಗಲಿಲ್ಲ. ಕೊಬ್ಬು ಉರಿಸಿದೆವು. ಖರ್ಚು ಇಲ್ಲ.’

ಕಾರ್ಖಾನೆಗೆ ಬೀಗ ಬಿದ್ದು ಕಾಲವಾಯಿತು.
ಈ ಸಲದ ಸಭೆಗೆ ಬಂದವರು ಹನ್ನೊಂದು ಜನ,
ಇಪ್ಪತ್ತೆರಡು ಮಂಡಿ, ಅದರಲ್ಲಿ ಒಂಬತ್ತು ಲೋಹದವು.
ಉಕ್ಕಿನ ಊರಲ್ಲವೇ, ಎಂದು ನಕ್ಕೆವು.
ಲೆಕ್ಕ ತಪಾಸಣೆಗೆ ಬಂದ ಹುಡುಗಿ ನೇಜಾ ಮಾತ್ರ
ಬೆರಳಿಟ್ಟು ಕೇಳಿದಳು,
‘ಎರಡು ಯೂರೋ ನಲವತ್ತು. ಈ ಬತ್ತಿ ಯಾಕೆ?’

ನಮಗ್ಯಾರಿಗೂ ಗೊತ್ತಿರಲಿಲ್ಲ.
ಮೇರಿಮಾತೆಗಿರಬೇಕು ಎಂದ ಒಬ್ಬ.
ನಾನು ಮೂವತ್ತು ವರ್ಷದಿಂದ ಬರೆಯುತ್ತಿದ್ದೇನೆ,
ಹಿಂದಿನವನು ಬರೆದ ಅಂತ.

ಆ ರಾತ್ರಿ ಐದೂ ಪುಸ್ತಕ ಕೆಳಗಿಳಿಸಿದೆ.
‘ಮುಂದಿನ ವರ್ಷ’ ಎಂಬ ಮಾತನ್ನು ಹುಡುಕಿದೆ.
ಎಂಟನೆಯ ವರ್ಷದ ಆಚೆಗೆ
ಹಂಚಿಗೂ ಇಲ್ಲ, ಒಲೆಗೂ ಇಲ್ಲ,
ಆಸ್ಟ್ರಿಯಾದ ಬಾಡಿಗೆ ಬಸ್ಸಿಗೂ ಇಲ್ಲ.
ಸಿರಿಲ್ ಯಾರಿಗೂ ನಿಯಮ ಹೇಳಿರಲಾರ.
ಕೈಯಿಂದ ಕೈಗೆ ಹಾಗೇ ಬಂದಿದೆ, ಗಂಟು ಹಾಕುವ ಹಾಗೆ.

ಈಗ ಉತ್ತರದ ಗೋಡೆಯ ಬೋಲ್ಟುಗಳಿಗೆ ತುಕ್ಕು.
ಪೆಟ್ಟಿಗೆಯಲ್ಲಿ ಎಂಬತ್ತೊಂದು ಯೂರೋ.
ಬೋಲ್ಟು, ಎಂದು ಬರೆದು ಎರಡು ಚುಕ್ಕಿಯಿಟ್ಟೆ.
‘ಮುಂ’
ಎನ್ನುವಷ್ಟು ಬರೆದಾಗಿತ್ತು.
ಖಜಾಂಚಿಯ ಪುಸ್ತಕದಲ್ಲಿ ಹೊಡೆದುಹಾಕುವಂತಿಲ್ಲ.
ತುಸು ಹೊತ್ತು ಕೂತೆ.
‘ಮುಂಗಡ’ ಎಂದು ಮುಗಿಸಿದೆ,
‘ಆರುನೂರು. ಖಜಾಂಚಿಯ ಪಿಂಚಣಿಯಿಂದ.’